ಕಪ್ಪು ಕಂಬಳಿಯ ಪರೀಕ್ಷೆ

ನಮ್ಮ ಸುಮಾಳ ಕೆಲಸ ಖಾಯಂ ಆಯಿತು! ಬೆಳಗಿನ ಬಸ್ಸಿಗೆ ಬಂದಿಳಿದು ಅವಳು ಇದನ್ನು ಹೇಳಿದ್ದೇ ತಡ, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಾರಿದೆ. "ಆಯ್ತು ಮಾರಾಯ್ರೆ, ನಂಗೆ ಎರಡು ಸಲ ಹೇಳಿದ್ರಿ" ಎಂದ ಕಂಡಕ್ಟರ್. ನಿಮಗಿನ್ನೂ ಹೇಳಿರಲಿಲ್ಲವಲ್ಲ.

ಸುಮಾ ನನ್ನ ಮೊಮ್ಮಗಳು. ಶಿವಮೊಗ್ಗದ ಪೇಂಟ್ ಕಾರ್ಖಾನೆಯಲ್ಲಿ ಯಾವುದಕ್ಕೆ ಯಾವ ಬಿಳಿ ಪುಡಿ ಹಾಕಬೇಕೆಂದು ಆರಿಸುವವಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು, ಶೃಂಗೇರಿಯ ಲಾಡ್ಜುಗಳಿಗೆ ಸುಣ್ಣ ಬಳಿದು ಬಾಳಿದವನು ನಾನು. ಬಿಳಿ ಎಂದರೆ ಬಿಳಿ, ಆರಿಸುವುದೇನು ಎಂದುಕೊಂಡಿದ್ದೆ. ಒಳಗೋಡೆಯ ಬಿಳಿ ಬಿಸಿಲಿಗೆ ಪುಡಿಪುಡಿಯಾಗುತ್ತದಂತೆ. ಬಣ್ಣ ತುಂಬುವ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕುವುದು ಅಚ್ಚಿನ ಕಾವಿಗೆ ಹಳದಿಯಾಗಬಾರದು, ಕೊಂಚ ನೀಲಿ ಛಾಯೆ ಇದ್ದರೆ ಇನ್ನೂ ಚೆಂದವಂತೆ. ಅಲ್ಲಿ ಮಾತ್ರ ನಾನು ಎದೆಯುಬ್ಬಿಸಿದೆ. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುವುದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಕಾರ್ಖಾನೆಯ ಧಣಿ ಹೊರಗಿನ ಬಣ್ಣಕ್ಕೂ ಒಳಗಿನ ಪುಡಿಯೇ ಸಾಕೆಂದರು. ಇವಳು ಆಗದೆಂದಳು. "ತೋರಿಸು, ಆಮೇಲೆ ನಿನ್ನ ಕೆಲಸದ ಮಾತು" ಅಂದರಂತೆ. ಹೋದ ಬೇಸಿಗೆಯಲ್ಲಿ ಇಬ್ಬರ ಬಣ್ಣ ಬಳಿದ ಎರಡು ತಗಡು ತಂದು ನಮ್ಮ ಹೆಂಚಿನ ಮಾಡಿನ ಅಂಚಿಗೆ ಕಟ್ಟಿದಳು. ಬಿಸಿಲಾಯಿತು, ಮಳೆಯಾಯಿತು. ದೀಪಾವಳಿಗೆಂದು ಗೋಡೆ ಬಳಿಯುತ್ತಿದ್ದ ನಾನು ಒಂದು ತಗಡು ಮಂಕಾಗಿದ್ದು ಕಂಡೆ. ಅಯ್ಯೋ, ಕೂಸು ಸೋಲುತ್ತದಲ್ಲ ಎಂದು ಅದಕ್ಕೂ ಸುಣ್ಣ ಎಳೆಯತೊಡಗಿದೆ.

"ಎಂತ ಮಾಡ್ತಿದೀಯ ಅಜ್ಜಾ! ಅದು ಧಣಿಯದ್ದು!" ಹಬ್ಬಕ್ಕೆ ಬಂದಿದ್ದ ಸುಮಾ ಓಡಿಬಂದಳು.

ಪುಣ್ಯಕ್ಕೆ ಅರ್ಧ ಉಳಿದಿತ್ತು. ಉಜ್ಜಲು ಕಪ್ಪು ಬಟ್ಟೆ ಬೇಕೆಂದಳು, ಹೆಗಲ ಕಂಬಳಿ ಕೊಟ್ಟೆ. ಹಿಂದೆ ಲಾಡ್ಜಿನ ಯಜಮಾನರು ನನ್ನ ಗೋಡೆಗೆ ಹೀಗೇ ಕಂಬಳಿ ಉಜ್ಜಿ, ಬಿಳಿ ಹತ್ತಿದರೆ ಮತ್ತೆ ಬಳಿಸುತ್ತಿದ್ದರು. ಧಣಿಯ ತಗಡು ಕಂಬಳಿಯನ್ನು ಬೆಳ್ಳಗೆ ಮಾಡಿತು. ಸುಮಾಳದ್ದು ಒಂದು ಚೂರೂ ಬಿಡಲಿಲ್ಲ. ನನ್ನ ಸುಣ್ಣದ ಸಮೇತ ಎರಡನ್ನೂ ಒಯ್ದು ತೋರಿಸಿದಳು. ಧಣಿ ತಮ್ಮ ಕರಿ ಕೋಟಿನ ತೋಳಿಗೇ ಉಜ್ಜಿ ನೋಡಿ ಒಪ್ಪಿಕೊಂಡರಂತೆ. ಆ ಪುಣ್ಯಾತ್ಮನಿಗೆ ನನ್ನದೊಂದು ದೊಡ್ಡ ನಮಸ್ಕಾರ. ಸೋತದ್ದನ್ನು ಒಪ್ಪುವ ಧಣಿಗಳು ಎಷ್ಟು ಜನ ಸಿಗುತ್ತಾರೆ?

ಇವತ್ತು ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಒಗೆದ ಕಂಬಳಿ ಹೊದ್ದು ನಾನು ಗೋಡೆಗೆ ಒರಗಿದ್ದೆ. ಕಡುಬು ಬಡಿಸಲು ಬಂದ ನನ್ನಾಕೆ ಬೆನ್ನು ನೋಡಿ, "ಏ ಕೂಸೇ, ನಿನ್ನ ಅಜ್ಜ ಫೇಲು!" ಎಂದು ಕೂಗಿದಳು. ಬೆನ್ನ ತುಂಬ ನಾನೇ ಬಳಿದ ಸುಣ್ಣ.

ಸುಮಾ ಅದನ್ನು ಮೆಲ್ಲಗೆ ಕೊಡವುತ್ತ, "ಅಜ್ಜಂದು ಒಳಗಿನ ಗ್ರೇಡು, ಅಜ್ಜಿ. ಮನೆಯೊಳಗೆ ನಡೀತದೆ" ಎಂದಳು.

ಎಲ್ಲರೂ ನಕ್ಕರು. ನಾನು ಇನ್ನೊಂದು ಕಡುಬು ಹಾಕಿಸಿಕೊಂಡು, ಮತ್ತೆ ಅದೇ ಗೋಡೆಗೆ ಒರಗಿದೆ.