ಸಮಾಧಾನ ಅಂಕಲ್ ಪ್ರಾರ್ಥನೆ ನಿಲ್ಲಿಸಿದ ಮೇಲೆ

ಸಮಾಧಾನ ಅಂಕಲ್ ಕಣ್ಣು ಬಿಟ್ಟುಕೊಂಡೇ ಪ್ರಾರ್ಥನೆ ಮಾಡುತ್ತಿದ್ದರು. ಅದೂ ಭಕ್ತಿಯಿಂದ ಅರೆತೆರೆದ ಕಣ್ಣಲ್ಲ. ಜಗಳಕ್ಕೆ ನಿಂತವರ ಹಾಗೆ ತಲೆಯ ಮೇಲಿನ ಫ್ಯಾನನ್ನು ದುರುಗುಟ್ಟಿ ನೋಡುತ್ತ, “ಏನಪಾ ತಂದಿ, ಕೇಳಸಾಕತ್ತೈತೋ ಇಲ್ಲೋ? ಹ್ವಾದ ವಾರಾನೂ ಇದನ್ನ ಹೇಳೀನಿ” ಎಂದು ಶುರುಮಾಡುತ್ತಿದ್ದರು. ಯುವಜನ ಕೂಟಕ್ಕೆ ಹೊಸದಾಗಿ ಬಂದ ಹುಡುಗರು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗು ತಡೆಯುತ್ತಿದ್ದರು. ಕಣ್ಣು ಯಾಕೆ ಮುಚ್ಚುವುದಿಲ್ಲ ಎಂದು ಒಮ್ಮೆ ಕೇಳಿದೆ.

“ಒಂದ್ಸಲ ಲೋಕಲ್ ಗಾಡ್ಯಾಗ ಕಣ್ಣು ಮುಚ್ಚಿ ಪ್ರಾರ್ಥನಿ ಮಾಡಿದೆ ರೂತವ್ವಾ. ಆಮೆನ್ ಅನ್ನೂದ್ರಾಗ ಚೆಂಬೂರ್ ಬಂದಿತ್ತು. ಇಳಿಯೂದು ವಡಾಳಾದಾಗ.”

ಬೆಟಗೇರಿಯಲ್ಲಿ ಹುಟ್ಟಿದ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಮಾಧಾನಪ್ಪ. ಅಷ್ಟು ಸಿಟ್ಟಿನ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ತಡವಾಗಿ ಬಂದ ರೈಲಿನ ಮೇಲೆ ಸಿಟ್ಟು, ಎಳೆದೆಳೆದು ಹಾಡುವ ಗಾಯಕವೃಂದದ ಮೇಲೆ ಸಿಟ್ಟು, ಆರಾಧನೆಯ ನಡುವೆ ಮೊಬೈಲ್ ನೋಡುವ ನಮ್ಮ ಮೇಲಂತೂ ಕೇಳುವುದೇ ಬೇಡ. “ಹೆಸರಿಡೂ ಮುಂದ ಯಾರೂ ನನ್ನ ಮಾರಿ ಸರಿಯಾಗಿ ನೋಡಿರಲಿಲ್ಲ” ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಮುಂಬಯಿಯ ಫೋರ್ಟಿನ ಒಂದು ಕಂಪನಿಯಲ್ಲಿ ಟಪಾಲು ವಿಭಾಗದ ಗುಮಾಸ್ತಿಕೆ. ಹೆಂಡತಿ ಸುಗುಣಾ ಆಂಟಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಮಕ್ಕಳಿರಲಿಲ್ಲ.

ನಮ್ಮ ಮನೆ ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನಲ್ಲಿತ್ತು. ಅಪ್ಪ ನೌಕರಿಗಾಗಿ ಧಾರವಾಡದಿಂದ ಬಂದವರು. ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡ ಸಭೆ ಕೂಡುತ್ತಿತ್ತು. ದೊಡ್ಡವರು ಮನೆಗೆ ಹೊರಟ ಮೇಲೆ ನಾವು ಹತ್ತು ಹನ್ನೆರಡು ಮಂದಿ ಅಂಕಲ್ ನಡೆಸುವ ಕೂಟಕ್ಕೆ ಅಲ್ಲೇ ಉಳಿಯುತ್ತಿದ್ದೆವು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ. ಬೇರೆ ಸಭೆಗಳ ಯುವಕರು ಗಿಟಾರು, ಡ್ರಮ್ಮು, ಕ್ಯಾಂಪು ಅಂತ ಓಡಾಡುತ್ತಿದ್ದಾಗ ಸಮಾಧಾನ ಅಂಕಲ್ ನಮ್ಮನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಈ ವಾರ ಯಾರ ಮ್ಯಾಲ ಸಿಟ್ಟಾಗಿದ್ರಿ, ಹೇಳ್ರಿ.” ಮೊದಲು ತಮ್ಮದನ್ನೇ ಹೇಳುತ್ತಿದ್ದರು. ಆಫೀಸಿನ ಪ್ಯೂನನಿಗೆ ಎಲ್ಲರೆದುರು ಬೈದದ್ದು, ಮರುದಿನ ಅವನಿಗಾಗಿ ಚಹಾ ತಂದಿಟ್ಟುಕೊಂಡು ಕಾದದ್ದು, ಅವನು ಕುಡಿಯದೆ ಹೋದದ್ದು. “ಕ್ಷಮಾ ಅನ್ನೂದು ಹಾಡಿನಾಗ ಭಾಳ ಸಸ್ತಾ ಅದ. ಆಫೀಸಿನಾಗ ತುಟ್ಟಿ” ಎನ್ನುತ್ತಿದ್ದರು. ವಿಶ್ವಾಸ ಅಂದರೆ ಸೋಮವಾರದಿಂದ ಶನಿವಾರದವರೆಗಿನ ಮಾತು ಎಂದು ನನಗೆ ತಿಳಿದದ್ದು ಇಂಥ ಕಥೆಗಳಿಂದಲೇ.

ಶನಿವಾರದ ಕೆಲಸ ಶುರುವಾದದ್ದು ಹೀಗೆ. ಪರೇಲಿನ ಕ್ಯಾನ್ಸರ್ ಆಸ್ಪತ್ರೆಯ ಮುಂದಿನ ಫುಟ್‌ಪಾತಿನಲ್ಲಿ ದೂರದೂರಿನ ರೋಗಿಗಳ ಮನೆಯವರು ಚಾಪೆ ಹಾಸಿಕೊಂಡು ಇರುತ್ತಾರೆ. ಅಲ್ಲಿ ಬಾಗಲಕೋಟೆ ಕಡೆಯ ಒಬ್ಬಾತ ಯಾವ ಕಿಟಕಿಗೆ ಹೋಗಬೇಕೆಂದು ಕನ್ನಡದಲ್ಲಿ ಕೇಳುತ್ತ, ಯಾರಿಗೂ ತಿಳಿಯದೆ, ಕೊನೆಗೆ ಗೇಟಿನ ಪಕ್ಕ ಕೂತು ಅಳುತ್ತಿದ್ದುದನ್ನು ಅಂಕಲ್ ನೋಡಿದರು. ಮರುದಿನ ಕೂಟದಲ್ಲಿ ಹೇಳಿದರು: “ನಿಮಗ ಹಿಂದಿ ಬರ್ತದ, ಮರಾಠಿ ಬರ್ತದ, ಅರ್ಧಮರ್ಧ ಕನ್ನಡಾನೂ ಬರ್ತದ. ದೇವರಿಗೆ ಅಷ್ಟು ಸಾಕು. ಶನಿವಾರ ನಡೀರಿ.”

ಹೋದೆವು. ವಿಜಯಪುರ, ರಾಯಚೂರು, ಬೆಳಗಾವಿ ಕಡೆಯವರ ಜೊತೆ ಸಾಲಿನಲ್ಲಿ ನಿಂತು ಡಾಕ್ಟರರ ಹಿಂದಿಯನ್ನು ಕನ್ನಡ ಮಾಡಿ ಹೇಳುವುದೇ ನಮ್ಮ ಕೆಲಸ. ನನ್ನ ಓರಗೆಯ ಜೋಯಲ್ ಮೊದಲ ದಿನ ಹೆದರಿ, “ಅಂಕಲ್, ಮೈ ಕ್ಯಾ ಬೋಲೂಂ?” ಎಂದ. “ಏನೂ ಬೋಲಬ್ಯಾಡ. ಬಾಜೂಕ ಕುಂದರು” ಎಂದರು. ಅಲ್ಲಿ ಅವರ ಸಿಟ್ಟು ಎಲ್ಲಿ ಅಡಗುತ್ತಿತ್ತೋ. ಒಬ್ಬ ಅಜ್ಜಿ ಸತ್ತ ಎಮ್ಮೆಯ ಕಥೆಯನ್ನು ಮತ್ತೆ ಮತ್ತೆ ಹೇಳಿದರೂ ಪ್ರತಿಸಲ ಮೊದಲ ಸಲ ಕೇಳಿದವರ ಹಾಗೆ “ಅಯ್ಯ, ಆಮ್ಯಾಲ?” ಎನ್ನುತ್ತಿದ್ದರು. ಧರ್ಮದ ಮಾತು ಎತ್ತುತ್ತಿರಲಿಲ್ಲ. ರೋಗಿಯ ಕಡೆಯವರೇ ಕೇಳಿದರೆ ಮಾತ್ರ ಪ್ರಾರ್ಥನೆ, ಅದೂ ಎರಡು ಮಾತು.

ಆ ಅಜ್ಜಿಗೆ ಜೋಯಲ್ ಒಮ್ಮೆ ಧೈರ್ಯ ಹೇಳಲು ಹೋಗಿ, “ನೀವು ಪಕ್ಕಾ ಆರಾಮ್ ಆಗ್ತೀರಿ, ಯೇಸು ಮಾಡ್ತಾನೆ” ಎಂದುಬಿಟ್ಟ. ವಾಪಸಾಗುವಾಗ ಬಸ್ಸಿನ ತುಂಬ ಜನ ಇದ್ದರೂ ಅಂಕಲ್ ಬಿಡಲಿಲ್ಲ. “ನೀ ಏನು ದೇವರ ಸೆಕ್ರೆಟರಿ ಏನೋ? ನಿನಗ ಫೈಲ್ ತೋರಿಸ್ಯಾನೇನು ಆವಾ? ಕೂಡ ಇರ್ತೀವಿ ಅಂತ ಹೇಳು. ಅದು ನಿನ್ನ ಕೈಯಾಗಿನ ಮಾತು. ಉಳಿದದ್ದು ಅಲ್ಲ.”

ಇಂಥ ಮನುಷ್ಯನ ಬದುಕಿಗೆ ಭಾಗೀರಥಿ ಬಂದಳು.

ಇಂಡಿ ಕಡೆಯ ಹುಡುಗಿ, ಇನ್ನೂ ಒಂಬತ್ತು ತುಂಬಿರಲಿಲ್ಲ. ರಕ್ತದ ಕ್ಯಾನ್ಸರು. ಕೂದಲುದುರಿದ ತಲೆಗೆ ಅಪ್ಪನ ಟೋಪಿ. ಅವಳ ಚಿಕಿತ್ಸೆ ಮುಗಿಯುವ ತನಕ ಇರಲೇಬೇಕಲ್ಲ ಎಂದು ಅಪ್ಪ ಮಲ್ಲಪ್ಪ ಘಾಟ್ಕೋಪರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದ, ಅಲ್ಲೇ ಒಂದು ಖೋಲಿ ಹಿಡಿದಿದ್ದ. ತಾಯಿ ಕಸ್ತೂರಿ ಮಗಳ ಜೊತೆ ಆಸ್ಪತ್ರೆಗೆ ಅಲೆಯುತ್ತಿದ್ದಳು. ಭಾಗೀರಥಿ ಮೊದಲ ದಿನವೇ ಅಂಕಲ್ ಅವರ ಗಂಟು ಹಾಕಿದ ಹುಬ್ಬು ನೋಡಿ ತಾನೂ ಹುಬ್ಬು ಗಂಟಿಕ್ಕಿ, “ಸಿಟ್ಟಿನ ಮುತ್ಯಾ” ಎಂದು ತನ್ನ ಹೊಸ ಅಜ್ಜನಿಗೆ ಹೆಸರಿಟ್ಟಳು. ಅವರು ನಕ್ಕರು. ಅವರ ಹಲ್ಲು ನಾವು ಅಷ್ಟು ಪೂರ್ತಿ ಕಂಡದ್ದು ಅವತ್ತೇ.

ಬೋರಿಬಂದರಿನಲ್ಲಿ ರೈಲಿಳಿದ ದಿನ ಅವಳು ಕೆಂಪು ಡಬಲ್ ಡೆಕರ್ ಬಸ್ಸು ನೋಡಿದ್ದಳು. ಅವಳ ಬಾಯಲ್ಲಿ ಅದು ‘ಮಾಳಿಗಿ ಬಸ್ಸು’. ಮುಂಬಯಿಯಲ್ಲಿ ಅವಳಿಗೆ ಬೇಕಾಗಿದ್ದುದು ಅದೊಂದೇ. ಬರಬರುತ್ತ ಅವಳಿಗೆ ಕೂರುವುದೇ ಕಷ್ಟವಾಯಿತು. ಒಂದು ಶನಿವಾರ ತಾಯಿಯ ತೊಡೆಯ ಮೇಲೆ ಮಲಗಿದ್ದವಳು ಕೇಳಿದಳು, “ಮುತ್ಯಾ, ನಾ ಆರಾಮ ಆಗತೀನೇನು?”

ಅಂಕಲ್ ತಡಮಾಡಲಿಲ್ಲ. “ಆಗ್ತಿ ಅಂದ್ರ! ಖರೇನ ಆಗ್ತಿ. ದೀಪಾವಳಿಗೆ ಮಾಳಿಗಿ ಬಸ್ಸಿನ ಮ್ಯಾಲಿನ ಮುಂದಿನ ಸೀಟಿನಾಗ ನೀನು, ನಾನು. ದೇವರಾಣಿ.”

ಜೋಯಲ್ ನನ್ನ ಮುಖ ನೋಡಿದ.

ಆ ಭಾನುವಾರ ಕೂಟದಲ್ಲಿ ಅವರು ಕಣ್ಣು ಮುಚ್ಚಿದರು. ನೆಲಕ್ಕೆ ಮೊಣಕಾಲೂರಿ, ಎರಡೂ ಕೈ ಚಾಚಿ, “ಸ್ವಾಮಿ, ಇದೊಂದು” ಎಂದರು. ಬೈಯಲಿಲ್ಲ, ಲೆಕ್ಕ ಕೇಳಲಿಲ್ಲ. ಇದೊಂದು, ಇದೊಂದು ಎನ್ನುತ್ತಲೇ ಇದ್ದರು. ದೀಪಾವಳಿಗೆ ಇನ್ನೂ ದಿನಗಳಿರುವಾಗ, ಒಂದು ಮಧ್ಯಾಹ್ನ, ಭಾಗೀರಥಿ ಹೋದಳು.

ಮುಂದಿನ ಭಾನುವಾರ ಅಂಕಲ್ ನಮ್ಮ ಮುಂದೆ ನಿಂತು ಒಮ್ಮೆ ಫ್ಯಾನಿನ ಕಡೆ ನೋಡಿದರು. ಆಮೇಲೆ ಹೇಳಿದರು: “ನನಗ ಪ್ರಾರ್ಥನಿ ಬರವಲ್ದು. ಬಾಯಿ ತೆರೀತೀನಿ, ಏನೂ ಬರೂದಿಲ್ಲ. ಬಂದಂಗ ನಾಟಕಾ ಮಾಡಬಹುದು, ಭಾಷಾ ಗೊತ್ತೈತಿ. ನಿಮ್ಮ ಮುಂದ ಮಾಡಾಕ ಮನಸ್ಸಿಲ್ಲ. ನೀವು ಮಾಡ್ರಿ. ನಾ ನಿಮ್ಮ ಕೂಡ ಕುಂದರತೀನಿ.”

ಸುದ್ದಿ ಸಭೆಯ ಹಿರಿಯರಿಗೆ ಮುಟ್ಟಿತು. ಪ್ರಾರ್ಥನೆ ಮಾಡದವರು ಯುವಕರನ್ನು ನಡೆಸುವುದು ಹೇಗೆ, ಅವರ ವಿಶ್ವಾಸ ಕೆಡುವುದಿಲ್ಲವೇ ಎಂದು ಒಬ್ಬರು ಕೇಳಿದರು. ಜಗಳ ಆಗುತ್ತದೆಂದು ನಾವೆಲ್ಲ ಕಾದಿದ್ದೆವು. ಅಂಕಲ್, “ಖರೆ ಐತ್ರಿ” ಎಂದು ಎದ್ದು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅವರು ಕೂಗಾಡಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಕೂಟ ನಡೆಸುವ ಕೆಲಸ ನನ್ನ ತಲೆಗೆ ಬಂತು. ಕನ್ನಡದಲ್ಲಿ ಪ್ರಾರ್ಥನೆ ಮಾಡಲು ಹೋಗಿ ನಡುವೆ ಸಿಕ್ಕಿಬೀಳುತ್ತಿದ್ದೆ. “ಕರ್ತನೇ, ನಿನ್ನ ಕ... ಕನಿ...” ಎಂದು ತಡವರಿಸಿದಾಗ ಹಿಂದಿನ ಬೆಂಚಿನಿಂದ ಗದರುವ ದನಿ ಬರುತ್ತಿತ್ತು: “ಕನಿಕರ! ತಿಳೀದಿದ್ರ ಬಿಡು ಅದನ್ನ. ಅಳಾಕತ್ತೀವಿ, ನೋಡಪಾ ಅನ್ನು.” ನಾನು ಹಾಗೆಯೇ ಅನ್ನುತ್ತಿದ್ದೆ. ಆಮೆನ್ ಅನ್ನುವಾಗ ಎಲ್ಲರ ದನಿಯಲ್ಲಿ ಅವರದು ಕೇಳುತ್ತಿರಲಿಲ್ಲ. ಆದರೂ ಶನಿವಾರ ತಪ್ಪಲಿಲ್ಲ. ನಮಗಿಂತ ಮೊದಲೇ ಪರೇಲಿನ ಫುಟ್‌ಪಾತಿನಲ್ಲಿ ಯಾರದೋ ಚಾಪೆಯ ಅಂಚಿನಲ್ಲಿ ಕೂತಿರುತ್ತಿದ್ದರು.

ಕ್ರಿಸ್ಮಸ್ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆದು, “ರೂತವ್ವಾ, ನನ್ನ ಕೂಡ ಘಾಟ್ಕೋಪರಿಗೆ ಬರ್ತಿಯೇನು? ಒಬ್ಬಾಂವಗ ಹೋಗಾಕ ಧೈರ್ಯ ಇಲ್ಲ” ಎಂದರು. ಮಲ್ಲಪ್ಪ ಕಸ್ತೂರಿ ಊರಿಗೆ ಹೋಗಿರಲಿಲ್ಲ. ಮಗಳನ್ನು ಕರೆದುಕೊಂಡು ಬಿಟ್ಟುಬಂದ ಊರಿಗೆ ಬರಿಗೈಯಲ್ಲಿ ಹೆಂಗ ಹೋಗಲಿ ಎಂದು ಕಸ್ತೂರಿ ಹಟ ಹಿಡಿದಿದ್ದಳಂತೆ. ಕುರ್ಲಾದಲ್ಲಿ ಗಾಡಿ ಬದಲಿಸಿ, ಘಾಟ್ಕೋಪರಿನಲ್ಲಿ ಇಳಿದು, ಗುಡ್ಡದ ಮೇಲಿನ ಗಲ್ಲಿಗಳನ್ನು ಹತ್ತಿದೆವು.

ಮಲ್ಲಪ್ಪ ಕೆಲಸಕ್ಕೆ ಹೋಗಿದ್ದ. ಕಸ್ತೂರಿ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಸ್ಟೋವು ಹಚ್ಚಿ ರೊಟ್ಟಿ ತಟ್ಟತೊಡಗಿದಳು. ತಾಟು ನಮ್ಮ ಮುಂದಿಟ್ಟ ಮೇಲೆಯೇ ಬಾಯಿ ತೆರೆದಳು.

“ನಿಮ್ಮ ಮ್ಯಾಲ ನನಗ ಸಿಟ್ಟೈತ್ರಿ ಅಣ್ಣಾರ. ಆರಾಮ ಆಗ್ತಾಳ ಅಂದ್ರಿ. ದೇವರಾಣಿ ಹಾಕಿದ್ರಿ. ಕಡೀ ದಿನಾನೂ ಅಕಿ ಬಸ್ಸು ಬಸ್ಸು ಅಂತಿದ್ಳು. ಅಕಿಗಿ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ತಿಳದಿದ್ರ ನಾ ಅಕಿ ಕೂಡ ಏನರೆ ಮಾತಾಡ್ತಿದ್ದೆ. ಸುಮ್ಮನ ಔಷಧ ಕುಡಿ, ಔಷಧ ಕುಡಿ ಅಂತ ಬೈಕೋತ ಕುಂತೆ.”

ಅಂಕಲ್ ತಲೆ ತಗ್ಗಿಸಿದ್ದರು. “ಹೌದವಾ. ಸುಳ್ಳು ಹೇಳಿದೆ.”

“ಹೂಂ” ಎಂದಳು ಕಸ್ತೂರಿ. ಸೆರಗಿನಿಂದ ಮೂಗು ಒರೆಸಿಕೊಂಡು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. “ಉಣ್ರಿ. ಆರ್ತೈತಿ.”

ಅವರು ಉಂಡರು. ಕಣ್ಣೀರು ರೊಟ್ಟಿಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ, ಒಂದು ತುಂಡೂ ಬಿಡಲಿಲ್ಲ. ವಾಪಸು ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತಾಗ ಎರಡು ಗಾಡಿ ಹತ್ತದೆ ಬಿಟ್ಟರು. ಆಮೇಲೆ ಹೇಳಿದರು, “ಬೈದಳು, ಛಲೋ ಆತು. ಸಭಾದಾಗ ಎಲ್ಲಾರೂ ದೇವರ ಚಿತ್ತ, ದೇವರ ಚಿತ್ತ ಅಂತಾರ. ಯಾರೂ ಬೈಯೂದಿಲ್ಲ.”

ಅಲ್ಲಿಂದ ಮುಂದೆ ಅವರು ಸುಗುಣಾ ಆಂಟಿಯನ್ನು ಕರೆದುಕೊಂಡು ಆಗಾಗ ಘಾಟ್ಕೋಪರಿಗೆ ಹೋಗುತ್ತಿದ್ದರು. ಹೋದಾಗಲೆಲ್ಲ ಕಸ್ತೂರಿ ಏನಾದರೊಂದು ನೆಪ ತೆಗೆದು ಬೈಯುತ್ತಿದ್ದಳಂತೆ. ಖಾರ ಕಡಿಮೆ ಉಂಡದ್ದಕ್ಕೆ, ಬಿಸಿಲಲ್ಲಿ ಛತ್ರಿ ತರದೆ ಬಂದದ್ದಕ್ಕೆ. ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ನನಗೂ ಫೋರ್ಟಿನಲ್ಲೇ ನೌಕರಿ ಸಿಕ್ಕಿತು. ಕೆಲವೊಮ್ಮೆ ಮಧ್ಯಾಹ್ನ ಒಂದು ಉಡುಪಿ ಹೋಟೆಲಿನಲ್ಲಿ ನಾನೂ ಅಂಕಲ್ಲೂ ಸೇರುತ್ತಿದ್ದೆವು. ಕೊನೆಯ ಸಲ ಸೇರಿದಾಗ ಅವರಿಗೆ ಸಾಂಬಾರು ಆರಿದೆ ಎಂದು ಸಿಟ್ಟು. ವೇಟರನನ್ನು ಕರೆದು ಬೈದು, ಅವನು ಬದಲಿಸಿ ತಂದಾಗ “ಸಾರಿ ತಮ್ಮಾ” ಎಂದರು. ಅವರು ನಗುಮುಖದಲ್ಲಿದ್ದರು. ಬಹುದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿಬಿಟ್ಟೆ: “ಅಂಕಲ್, ಈಗಾದ್ರೂ ಪ್ರಾರ್ಥನೆ ಮಾಡ್ತೀರಾ?”

ಅವರು ತಟ್ಟೆ ನೋಡುತ್ತ ಹೇಳಿದರು, “ದಿನಾ ಮುಂಜಾನಿ ಕುಂದರತೀನಿ. ಮಾತು ಬರೂದಿಲ್ಲ. ಎದ್ದು ಹೋಗಾಕೂ ಆಗೂದಿಲ್ಲ.” ಆಮೇಲೆ ಕೈ ತೊಳೆಯಲು ಎದ್ದರು.

ಸ್ವಲ್ಪ ದಿನಕ್ಕೇ ಸುಗುಣಾ ಆಂಟಿಯ ಫೋನು ಬಂತು. ಆಫೀಸಿಗೆ ಹೊರಟು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. “ನಾ ಡಬ್ಬಿ ಕಟ್ಟಾಕತ್ತಿದ್ದೆ ರೂತ್. ಯಾಕ ಇಷ್ಟು ಸುಮ್ಮನ ಅದಾರ ಅಂತ ಹೊರಗ ಬಂದು ನೋಡಿದೆ” ಎಂದರು. ಅಷ್ಟೇ ಹೇಳಿ ಫೋನು ಇಟ್ಟರು.

ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಪಾಸ್ಟರ್ ಪುಸ್ತಕ ತೆರೆದು ನಿಂತಿದ್ದರು. ನಾವು ಹಾಡೊಂದನ್ನು ಮೆಲ್ಲಗೆ ಹಾಡಿ ಮುಗಿಸಿದ್ದೆವು. ಸುಗುಣಾ ಆಂಟಿ ಅಳದೆ ನೆಟ್ಟಗೆ ನಿಂತಿದ್ದರು. ಆಗ ಗೇಟಿನ ಕಡೆಯಿಂದ ಮಲ್ಲಪ್ಪ, ಕಸ್ತೂರಿ ಬಂದರು. ಕಸ್ತೂರಿ ಪೆಟ್ಟಿಗೆಯ ಹತ್ತಿರ ಬಂದು ಒಳಗಿದ್ದ ಮುಖ ನೋಡಿ, ಎದೆ ಬಡಿದುಕೊಂಡು, ಹಾಡಿಕೊಂಡು ಅಳತೊಡಗಿದಳು.

“ಬೈದರೂ ಉಂಡ್ಯಲ್ಲೋ ನನ್ನಣ್ಣಾ, ಬೈಸಿಕೊಳ್ಳಾಕ ಮತ್ತ ಬಂದ್ಯಲ್ಲೋ ನನ್ನಣ್ಣಾ, ನನ್ನ ಗುಡ್ಡಾ ಹತ್ತಿ ಬರಾವ್ರು ಇನ್ಯಾರೋ, ಯಾರ ಮ್ಯಾಲ ಸಿಟ್ಟ ಮಾಡಲೋ ನನ್ನಣ್ಣಾ...”

ನಮ್ಮ ಸಭೆಯಲ್ಲಿ ಹಾಗೆ ಅಳುವ ರೂಢಿಯಿಲ್ಲ. ಹಿರಿಯರೊಬ್ಬರು ಅವಳನ್ನು ಸುಮ್ಮನಾಗಿಸಲು ಮುಂದೆ ಬಂದರು. ಸುಗುಣಾ ಆಂಟಿ ಕೈ ಅಡ್ಡ ಹಿಡಿದರು. “ಬಿಡ್ರಿ. ಅಳ್ಳಿ. ನಮಗ ಯಾರಿಗೂ ಹಿಂಗ ಅಳಾಕ ಕಲಿಸಿಲ್ಲ.” ಹಾಗೆಂದವರೇ ಹೋಗಿ ಕಸ್ತೂರಿಯ ಹೆಗಲ ಮೇಲೆ ಮುಖವಿಟ್ಟರು. ಪಾಸ್ಟರ್ ಪುಸ್ತಕ ಮುಚ್ಚಿ, ಅವರಿಬ್ಬರ ಅಳು ತಾನಾಗಿ ನಿಲ್ಲುವ ತನಕ ಕಾದರು.

ಶನಿವಾರ ಪರೇಲಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಜೋಯಲ್ ಮನೆಗೇ ಬಂದು ಕರೆದುಕೊಂಡು ಹೋದ. ಫುಟ್‌ಪಾತಿನಲ್ಲಿ ಗಂಟಲಿಗೆ ಬಟ್ಟೆ ಸುತ್ತಿಕೊಂಡ ಬೀಳಗಿಯ ಅಜ್ಜನೊಬ್ಬ ನಮ್ಮನ್ನು ಗುರುತು ಹಿಡಿದು, ಒಡೆದ ದನಿಯಲ್ಲಿ ಕೇಳಿದ, “ಯಾಕ, ನಿಮ್ಮ ಕೂಡ ಇರತಿದ್ದ ಆ ಮಾಸ್ತರ ಬರಲಿಲ್ಲೇನು?”

ಜೋಯಲ್ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಹಿಂದಿಯ ಒಂದು ಶಬ್ದವೂ ಬೆರೆಸದೆ ನಿಧಾನವಾಗಿ ಹೇಳಿದ, “ಅವರು ತೀರಿಕೊಂಡ್ರು, ಅಜ್ಜಾ.”

ಅಜ್ಜ ಇಬ್ಬರ ಮುಖವನ್ನೂ ನೋಡಿದ. ಪಕ್ಕದಲ್ಲಿದ್ದ ತನ್ನ ಗಂಟನ್ನೂ ನೀರಿನ ಬಾಟಲಿಯನ್ನೂ ಅತ್ತ ಸರಿಸಿ, ಚಾಪೆಯನ್ನು ಕೈಯಿಂದ ಜಾಡಿಸಿದ.

“ಬರ್ರಿ ಮಕ್ಕಳಾ, ಇಲ್ಲಿ ಕುಂದರ್ರಿ” ಎಂದ. “ಹ್ಯಾಂಗಾತು, ಹೇಳ್ರಿ.”

ನಾವು ಕೂತೆವು. ಹೇಳಿದೆವು.