ಸಂಕ್ರಾಂತಿ ಸಂತೆಯ ಸನ್ನೆ

ಹಬ್ಬದ ಕೆಲಸಕ್ಕೆ ಸಣ್ಣ ಮಕ್ಕಳನ್ನೂ ಹಚ್ಚಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಆದರೆ ಏನು ಕಲಿಸುತ್ತೀರಿ ಎಂಬುದರ ಮೇಲೆ ಕಣ್ಣಿರಲಿ. ಈ ಬುದ್ಧಿ ನನಗೆ ಬಂದದ್ದು ಅರವತ್ತರ ದಶಕದ ಕೊನೆಯ ಒಂದು ಸಂಕ್ರಾಂತಿಗೆ, ನಾಸಿಕದಲ್ಲಿ.

ಬೀದರ್ ಕಡೆಯಿಂದ ಬಂದ ನಾವು ಪಂಚವಟಿಯ ಹಳೆಯ ವಾಡೆಯೊಂದರಲ್ಲಿ ಒಂದೇ ಕೋಣೆಯಲ್ಲಿದ್ದೆವು. ಯಜಮಾನರು, ನಾನು, ಐದು ವರ್ಷದ ಮಗಳು, ವರ್ಷ ತುಂಬದ ಮಗ. ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರೂ ಬದಲಿಸಬೇಕು. ಪಕ್ಕದ ಕೋಣೆ ದೀಪಾವಳಿಗೇ ಖಾಲಿಯಾಗಿತ್ತು. ಎಲ್ಲರೂ ಕಾಕೂ ಎನ್ನುತ್ತಿದ್ದ ವಾಡೆಯ ಒಡತಿಯನ್ನು ಕೇಳಿದಾಗಲೆಲ್ಲ, ಸಂಕ್ರಾಂತಿ ಆಗಲಿ ನೋಡೋಣ ಎನ್ನುತ್ತಿದ್ದರು. ಮಗನ ತಲೆಯ ಮೇಲೆ ಬೋರೆಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುವ ಶಾಸ್ತ್ರಕ್ಕೆ ವಾಡೆಯ ಹೆಂಗಸರನ್ನೆಲ್ಲ ಕರೆದೆ. ಕಾಕೂ ಖುಷಿಯಿಂದ ಹೋದರೆ ಕೋಣೆ ನಮ್ಮದೇ ಎಂದುಕೊಂಡೆ.

ಮಗಳು ಎಳ್ಳು ಆರಿಸಿದಳು. ನಾನು ಇದ್ದಿಲ ಶೇಗಡಿಯ ಮುಂದೆ ಕುಸುರೆಳ್ಳಿಗೆ ಕೂತಾಗ ಅವಳೂ ಮಾರು ದೂರದಲ್ಲಿ ಕೂತಳು. ಪಾಕವನ್ನು ಹನಿಹನಿ ಬಿಟ್ಟು ಬೆರಳಾಡಿಸುತ್ತಲೇ ಇದ್ದರೆ ಎಳ್ಳಿನ ಮೇಲೆ ಬಿಳಿ ಮುಳ್ಳು ಏಳುತ್ತವೆ. ಮುಳ್ಳು ಎದ್ದವೋ ಇಲ್ಲವೋ ಹೇಳುವುದು ಅವಳ ಕೆಲಸ. ಮಕ್ಕಳಿಗೆ ಸುಮ್ಮನೆ ಕೂಡು ಎನ್ನಬೇಡಿ, ನೋಡಿ ಹೇಳು ಎನ್ನಿ, ತಾಸುಗಟ್ಟಲೆ ಕೂಡುತ್ತವೆ.

ಅವಳ ದೊಡ್ಡ ಕೆಲಸವಿದ್ದದ್ದು ಗೋದಾವರಿ ದಂಡೆಯ ಬುಧವಾರದ ಸಂತೆಯಲ್ಲಿ. ನಾನು ಅವಳ ಅಂಗೈ ಒತ್ತಿದ ಕೂಡಲೇ ಮುಖ ಸಿಂಡರಿಸಿ, ಬೇಡ, ಮುಂದಿನ ಅಂಗಡಿಗೆ ಹೋಗೋಣ ಎನ್ನಬೇಕು. ಮಾರುವವರಿಗೆ ತಿಳಿಯಲೆಂದು ಮರಾಠಿಯಲ್ಲೇ ಎನ್ನಬೇಕು. ಈ ಮಾತನ್ನು ದೊಡ್ಡವರು ಆಡಿದರೆ ಹೋಗಿ ಎನ್ನುತ್ತಾರೆ, ಕೂಸು ಆಡಿದರೆ ಹಿಂದಕ್ಕೆ ಕರೆಯುತ್ತಾರೆ. ಕರೆದ ಮೇಲೆ ತೂಕದ ಮೇಲೊಂದಿಷ್ಟು ಕೊಸರು ಕೇಳುವುದೂ ಅವಳ ಪಾಲಿಗೇ. ಆ ವಾರ ಬೋರೆಹಣ್ಣಿಗೂ ಕೊಸರು ಬಂತು, ಕಬ್ಬಿಗೂ ಬಂತು.

ಶಾಸ್ತ್ರದ ಸಂಜೆ ಮಗ ಕಪ್ಪು ಅಂಗಿ ತೊಟ್ಟು ಮಣೆಯ ಮೇಲೆ ಕೂತಿದ್ದ. ಕಾಕೂ ಕೊನೆಗೆ ಬಂದರು. ಕೈಯಲ್ಲಿದ್ದ ತಾಟಿನ ಬಟ್ಟೆ ಸರಿಸಿದರೆ ಕುಸುರೆಳ್ಳನ್ನು ಪೋಣಿಸಿದ ಹಾರ, ಕಿರೀಟ, ಬಳೆ. ನಾಲ್ಕು ದಿನ ಕೂತು ತಾವೇ ಮಾಡಿದ್ದಂತೆ. ಹೆಂಗಸರೆಲ್ಲ ಬಗ್ಗಿ ನೋಡಿದರು. ಕಾಲಿಗೆ ಬೀಳು ಎಂದು ಸೂಚಿಸಲು ನಾನು ಮಗಳ ಕೈ ಒತ್ತಿದೆ.

ಅವಳು ಮುಖ ಸಿಂಡರಿಸಿ ಸಂತೆಯ ಮಾತನ್ನೇ ಆಡಿದಳು. “ನಕೋ ಆಯಿ, ಪುಢಚ್ಯಾ ದುಕಾನಾತ್ ಜಾಊ.”

ಬಗ್ಗಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಹಾಗೆ ಅನ್ನಬಾರದು ಎಂದು ಮೆಲ್ಲಗೆ ಗದರಿದೆ.

“ನೀನೇ ಕೈ ಒತ್ತಿದಿ ಅಲಾ ಅವ್ವಾ,” ಎಂದು ಅಂಗೈ ಎತ್ತಿ, ಎಲ್ಲಿ ಒತ್ತಿದೆ ಎಂಬುದನ್ನು ಎಲ್ಲರಿಗೂ ತೋರಿಸಿದಳು.

ಕಾಕೂಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವರೂ ಬುಧವಾರದ ಸಂತೆಯಲ್ಲಿ ಚೌಕಾಸಿ ಮಾಡಿ ಪಳಗಿದವರೇ. ಆ ಅಂಗೈ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಮಗಳಿಗೆ ಮರಾಠಿಯಲ್ಲಿ ಗಂಭೀರವಾಗಿಯೇ ಹೇಳಿದರು: “ಈ ಮಾಲು ಮುಂದಿನ ಅಂಗಡೀಲಿ ಸಿಗೂದಿಲ್ಲ ಕೂಸೇ. ಏನು ಬೇಕು ಹೇಳು.”

ಮಗಳು ಕಲಿಸಿದ್ದನ್ನು ಮರೆಯುವವಳಲ್ಲ. ಕೊಸರು ಕೇಳಿದಳು.

ಹೆಂಗಸರು ಸೆರಗಿನಲ್ಲಿ ನಕ್ಕರು. ಕಾಕೂ ನಗಲಿಲ್ಲ. ಒಂದು ಜೊತೆ ಬಳೆ ಅವಳ ಕೈಗೇರಿಸಿ, ಮಗನಿಗೆ ಕಿರೀಟ ಕಟ್ಟಿ ಹೋದರು. ಕೋಣೆಯ ಮಾತೇ ಎತ್ತಲಿಲ್ಲ. ಕೆಟ್ಟಿತು ಎಂದುಕೊಂಡೆ.

ಮರು ಬುಧವಾರ ಬೆಳಿಗ್ಗೆ ಕಾಕೂ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೂಸನ್ನು ಕಳಿಸು ಎಂದರು. ಮಧ್ಯಾಹ್ನ ಚೀಲ ತುಂಬಿಸಿಕೊಂಡು ಬಂದು, ಬದನೆಕಾಯಿಯವಳು ಎರಡು ಸಲ ಹಿಂದಕ್ಕೆ ಕರೆದಳು ಎಂದು ತಾವೇ ಹುಡುಗಿಯ ಹಾಗೆ ಹೇಳಿಕೊಂಡರು. ಪ್ರತಿ ಬುಧವಾರ ಇವಳನ್ನು ಕಳಿಸುವುದಾದರೆ ಆ ಕೋಣೆ ತಗೊಳ್ಳಿ ಎಂದು ಸೊಂಟದಿಂದ ಬೀಗದ ಕೈ ಬಿಚ್ಚಿಕೊಟ್ಟರು.

ನಾನು ಮರುಮಾತಾಡದೆ ಹೂಂ ಎಂದೆ. ಚೌಕಾಸಿ ಮಾಡದೆ ನಾನು ಒಪ್ಪಿದ್ದು ಅದೊಂದೇ ಸಲ. ಈಗಲೂ ಅನಿಸುತ್ತದೆ, ಮಗಳ ಅಂಗೈ ಇನ್ನೊಮ್ಮೆ ಒತ್ತಿದ್ದರೆ ಗೋಡೆಗೆ ಸುಣ್ಣವನ್ನೂ ಹೊಡೆಸಿಕೊಡುತ್ತಿದ್ದರು.