ಗುಂಡ್ಲುಪೇಟೆಯವರಿಗೆ ಬಡಿಸಿದ ಬ್ರೆಡ್ಡು

ಮಧ್ಯಾಹ್ನದ ಊಟದಲ್ಲಿ ಪರವೂರಿನ ರುಚಿಗೆ ಹೇಗೋ ಒಗ್ಗಿಕೊಳ್ಳುವ ಮನುಷ್ಯ, ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಮಾತ್ರ ಅಪ್ಪಟ ತನ್ನೂರಿನವನೇ ಆಗಿಬಿಡುತ್ತಾನೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಇಪ್ಪತ್ತು ಚಿಲ್ಲರೆ ಮೈಲಿ. ಅಷ್ಟರ ಆಚೀಚೆಯಲ್ಲೇ ಎಷ್ಟೊಂದು ಬೆಳಗುಗಳು! ಇತ್ತ ಸತ್ಯಮಂಗಲದ ಘಟ್ಟ ಹತ್ತಿ ಬರುವ ಗಾಡಿಯವರು ರಾತ್ರಿಯ ಅನ್ನಕ್ಕೆ ನೀರು ಹೊಯ್ದಿಟ್ಟು ಬೆಳಿಗ್ಗೆ ಈರುಳ್ಳಿ ಕಚ್ಚಿಕೊಂಡು ಉಣ್ಣುತ್ತಾರೆ. ಅತ್ತ ಗುಂಡ್ಲುಪೇಟೆಯ ಮಲೆಯಾಳಿ ಚಾ ಅಂಗಡಿಯಲ್ಲಿ ಬಿದಿರಿನ ಕೊಳವೆಯಿಂದ ಹಬೆಯಾಡುವ ಅಕ್ಕಿಹಿಟ್ಟಿನ ಪುಟ್ಟು ಹೊರಬಿದ್ದು ಬಾಳೆಹಣ್ಣಿನೊಡನೆ ಕಲಸಿಹೋಗುತ್ತದೆ. ಬಂಡೀಪುರದ ಕಾಡು ದಾಟಿ ನೀಲಗಿರಿ ಹತ್ತಿದರೆ ಟೀ ಎಸ್ಟೇಟಿನ ದೊರೆಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿರುತ್ತಾರೆ. ಇವರೆಲ್ಲರ ನಡುವೆ ನಾವು ರಾಗಿಮುದ್ದೆಯವರು.

ಇನ್ನುಳಿದ ಪ್ರಪಂಚದ ವಿಷಯದಲ್ಲಿ ನನಗಿದ್ದ ಪಾಂಡಿತ್ಯವೆಲ್ಲ ಮಿಡ್ಲ್ ಸ್ಕೂಲ್ ಮೇಷ್ಟ್ರ ಪಾಂಡಿತ್ಯ. ನಾರ್ವೆಯವರು ಬೆಳಿಗ್ಗೆಯೇ ಮೀನು ತಿನ್ನುತ್ತಾರೆ, ಚೀನಾದವರು ಗಂಜಿ ಕುಡಿಯುತ್ತಾರೆ, ಸ್ಕಾಟ್ಲೆಂಡಿನವರು ಕುದುರೆಗೆ ಹಾಕುವ ಧಾನ್ಯವನ್ನೇ ತಾವೂ ಬೇಯಿಸಿಕೊಳ್ಳುತ್ತಾರೆ ಎಂದೆಲ್ಲ ಭೂಗೋಳದ ಪಾಠದಲ್ಲಿ ಸೇರಿಸಿ ಹೇಳಿ, ಮಕ್ಕಳು ಮುಖ ಸಿಂಡರಿಸುವುದನ್ನು ನೋಡಿ ಆನಂದಪಡುತ್ತಿದ್ದೆ. ಈ ವಿಶ್ವವ್ಯಾಪಿ ಜ್ಞಾನ ಒಂದು ಭಾನುವಾರ ನನ್ನ ತಂಗಿಯ ಮದುವೆಯನ್ನು ಮುರಿಯುವ ಮಟ್ಟಕ್ಕೆ ಬಂದಿತ್ತು.

ಆಗ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಕುದೇರಿನಿಂದ ಅವ್ವನನ್ನೂ ತಂಗಿ ಪುಟ್ಟಮ್ಮಣ್ಣಿಯನ್ನೂ ಕರೆತಂದು ಚಾಮರಾಜನಗರದ ಬಾಡಿಗೆಮನೆಯಲ್ಲಿ ಇಟ್ಟುಕೊಂಡಿದ್ದೆ. ತಂಗಿಗೆ ಇಪ್ಪತ್ತು ತುಂಬಿತ್ತು; ಆ ಕಾಲಕ್ಕೆ ಅದು ಸಣ್ಣ ವಯಸ್ಸಲ್ಲ. ಎರಡು ಸಂಬಂಧಗಳು ಬಂದವು, ಕಾಫಿ ಕುಡಿದವು, ಹುಡುಗಿ ತೀರಾ ಸಣಕಲು ಎಂದು ಹೇಳಿಕಳಿಸಿದವು. ಕ್ಷಯವೆಂಬ ಹೆಸರನ್ನು ಯಾರೂ ಬಾಯಿಬಿಟ್ಟು ಆಡದಿದ್ದ ದಿನಗಳು ಅವು. ಸಣಕಲು ಎಂದರೆ ಸಾಕು, ಅರ್ಥವಾಗಬೇಕಾದವರಿಗೆ ಅರ್ಥವಾಗುತ್ತಿತ್ತು. ಮೂರನೆಯವರೂ ಹೀಗೇ ಅಂದುಬಿಟ್ಟರೆ ನಾಲ್ಕನೆಯವರು ಹೊಸ್ತಿಲು ತುಳಿಯುವುದಿಲ್ಲವೆಂದು ಅವ್ವ ದಿನಾ ಹೇಳುತ್ತಿದ್ದಳು, ನನಗೂ ಅದು ಗೊತ್ತಿತ್ತು.

ಆ ಮೂರನೆಯವರೇ ಗುಂಡ್ಲುಪೇಟೆಯವರು. ಹುಡುಗ ನೀಲಗಿರಿಯ ಎಸ್ಟೇಟೊಂದರಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ದೇವೀರಮ್ಮನ ಮಾತೇ ಆ ಮನೆಯಲ್ಲಿ ಕೊನೆಯ ಮಾತು. ಹೆಣ್ಣು ನೋಡಲು ಬರುವವರು ನಮ್ಮಲ್ಲಿ ತಿಂಡಿಯ ಹೊತ್ತಿಗೇ ಬರುತ್ತಾರೆ. ತಿಂಡಿ ಕಾಫಿಯಿಂದ ಯಾರೂ ಕಟ್ಟುಬೀಳುವುದಿಲ್ಲ. ಆದರೆ ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯ ಮುದ್ದೆಗೆ ಕೈಯಿಕ್ಕುವ ಪದ್ಧತಿಯಿಲ್ಲ.

ಅವ್ವ ಉಪ್ಪಿಟ್ಟು ಮಾಡುತ್ತೇನೆಂದಳು. ಎಸ್ಟೇಟಿನಲ್ಲಿ ಇರುವ ಹುಡುಗ, ದಿನಾ ದೊರೆಗಳ ತಿಂಡಿ ಕಂಡವನು, ಅವನ ಮುಂದೆ ಉಪ್ಪಿಟ್ಟೇ ಎಂದು ನಾನು ಮೂಗು ಮುರಿದೆ. ಶನಿವಾರ ಶಾಲೆ ಬಿಟ್ಟವನೇ ರೈಲು ಹತ್ತಿ ಮೈಸೂರಿಗೆ ಹೋಗಿ ಒಂದು ಉದ್ದನೆಯ ಬ್ರೆಡ್ಡು, ಬೆಣ್ಣೆ, ಒಂದು ಸೀಸೆ ಜಾಮು ತಂದೆ. ನಮ್ಮ ಕಡೆ ಬ್ರೆಡ್ಡಿಗೆ ಆಗ ಇದ್ದದ್ದು ಒಂದೇ ಉದ್ಯೋಗ: ಜ್ವರ ಬಿದ್ದವರಿಗೆ ಡಾಕ್ಟರು ಹೇಳಿದರೆ ಹಾಲಿನಲ್ಲಿ ನೆನೆಸಿ ತಿನ್ನಿಸುವುದು. "ಬ್ಯಾಡ ಕಣಪ್ಪ, ಕಾಯ್ಲೆಯೋರ್ ತಿಂಡಿ ಅದು" ಎಂದು ಅವ್ವ ಅಂಗಲಾಚಿದಳು. ಇಂಗ್ಲೆಂಡಿನಲ್ಲಿ ರಾಜರೇ ತಿನ್ನುತ್ತಾರೆಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಭಾನುವಾರ ಒಂಬತ್ತಕ್ಕೆಲ್ಲ ಅವರು ಬಂದರು. ಈಳಿಗೆಮಣೆಯ ಮೇಲೆ ಕೊಯ್ದು ಅಂಕುಡೊಂಕಾದ ಬ್ರೆಡ್ಡಿನ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿ, ಪಕ್ಕದಲ್ಲಿ ಬೆಣ್ಣೆಯನ್ನೂ ಜಾಮನ್ನೂ ಒಂದೊಂದು ಲೋಟ ಹಾಲನ್ನೂ ಇರಿಸಿ ಪುಟ್ಟಮ್ಮಣ್ಣಿಯ ಕೈಯಲ್ಲಿ ಕಳಿಸಿದೆವು. ದೇವೀರಮ್ಮ ತಟ್ಟೆ ನೋಡಿದರು. ತಟ್ಟೆ ಹಿಡಿದ ಕೈಯ ಮಣಿಕಟ್ಟು ನೋಡಿದರು. ಅದೇ ಗಳಿಗೆಗೆ ಸೌದೆಯ ಹೊಗೆ ಕುಡಿದು ಅಡುಗೆಮನೆಯೊಳಗೆ ಅವ್ವ ಕೆಮ್ಮಿದಳು.

"ಮನೇಲಿ ಯಾರ್ಗವ್ವ ಉಸಾರಿಲ್ಲ?" ಎಂದು ದೇವೀರಮ್ಮ ಒಳಕ್ಕೆ ಕೇಳುವಂತೆ ಕೇಳಿದರು.

ಯಾರಿಗೂ ಏನೂ ಇಲ್ಲವೆಂದು ನಾನೂ ಅವ್ವನೂ ಒಟ್ಟಿಗೇ, ಅಗತ್ಯಕ್ಕಿಂತ ಬೇಗ ಅಂದುಬಿಟ್ಟೆವು. ನಿಮಗೋಸ್ಕರವೇ ನಿನ್ನೆ ಮೈಸೂರಿಗೆ ಹೋಗಿ ತಂದದ್ದೆಂದು ನಾನು ವಿವರಿಸಿದೆ.

"ಮೈಸೂರ್ಗಾ? ದೊಡ್ಡಾಸ್ಪತ್ರೆಗೇನಾದ್ರೂ ಓಗಿದ್ರಾ ಮೇಷ್ಟ್ರೇ?" ಎಂದರು. ಆಮೇಲೆ ಮೆತ್ತಗೆ, "ತಪ್ ತಿಳ್ಕಬ್ಯಾಡಿ. ಎತ್ತಿ ಸಾಕಿರೋ ಮಗ ಇವ್ನು, ಕೇಳ್ಬೇಕಾಯ್ತದೆ" ಎಂದು ಸೇರಿಸಿದರು.

ಕಾಯಿಲೆ ಇದೆಯೆಂಬುದನ್ನು ಸಾಧಿಸಬಹುದು. ಇಲ್ಲವೆಂಬುದನ್ನು ಸಾಧಿಸುವುದು ಹೇಗೆ? ನಾನು ಇಂಗ್ಲೆಂಡಿನ ರಾಜರ ವಿಚಾರವೆತ್ತಿದೆ. ನನ್ನ ಧ್ವನಿ ನನಗೇ ಸುಳ್ಳುಗಾರನದಂತೆ ಕೇಳಿತು. ಹುಡುಗ ಮಾತ್ರ ಹಸಿದಿದ್ದನೋ ಏನೋ, ತಲೆ ತಗ್ಗಿಸಿ ನಾಲ್ಕು ಚೂರು ಮುಗಿಸಿದ. ದೇವೀರಮ್ಮ ಒಂದನ್ನೂ ಮುಟ್ಟದೆ, ಬಸ್ಸಿಗೆ ಹೊತ್ತಾಯಿತೆಂದು ಸೆರಗು ಸರಿಪಡಿಸಿಕೊಂಡರು. ಬಸ್ಸು ಹನ್ನೊಂದಕ್ಕೆ, ಆಗ ಇನ್ನೂ ಒಂಬತ್ತೂವರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವನ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಬಡಾಯಿಗೆ ತಂಗಿಯ ಬಾಳು ಹೋಯಿತೆಂದು ನನಗೆ ಖಾತ್ರಿಯಾಯಿತು, ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆಗ ಪುಟ್ಟಮ್ಮಣ್ಣಿ ಒಳಗಿನಿಂದ ತನ್ನ ಗಂಗಳ ಹಿಡಿದು ಬಂದಳು. ನಾವು ಊಟದ ತಟ್ಟೆಗೆ ಗಂಗಳವೆನ್ನುತ್ತೇವೆ. ಅದರಲ್ಲಿ ರಾತ್ರಿ ಮಿಕ್ಕ ಮುದ್ದೆ, ಮಜ್ಜಿಗೆ, ಎರಡು ಹಸಿಮೆಣಸಿನಕಾಯಿ. ಹೆಣ್ಣು ನೋಡಲು ಬಂದವರ ಎದುರು ಹುಡುಗಿ ಬಾಯಿಗೆ ನೀರು ಹಾಕಿಕೊಳ್ಳುವುದೂ ಇಲ್ಲ. ಇವಳು ನಡುಮನೆಯ ನೆಲದ ಮೇಲೆ, ದೇವೀರಮ್ಮನಿಗೆ ಎದುರಾಗಿ, ಕಾಲು ಮಡಿಸಿ ಕೂತಳು. ಅವ್ವ "ಅಯ್ಯೋ ಶಿವನೇ" ಎಂದಳು. ನಾನು ಗದರಲು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಮುದ್ದೆಗೆ ಬಿದ್ದಿತ್ತು. ಅವಳು ಮುರಿದು, ಮಜ್ಜಿಗೆಯಲ್ಲಿ ಹೊರಳಿಸಿ, ಅಗಿಯದೆ ನುಂಗುತ್ತ ಹೋದಳು. ಜ್ವರದ ಗಂಟಲಿಗೆ ಇಳಿಯುವ ಪದಾರ್ಥವಲ್ಲ ಅದು. ಮೆಣಸಿನಕಾಯಿ ಕಚ್ಚಿದ ಸದ್ದು ನಮಗೆಲ್ಲ ಕೇಳಿಸಿತು. ದೇವೀರಮ್ಮನ ಕಣ್ಣು ಅವಳ ಕತ್ತಿನ ಮೇಲಿಂದ ಕದಲಲಿಲ್ಲ. ತಂಗಿ ಯಾರನ್ನೂ ನೋಡದೆ ಗಂಗಳ ಬರಿದು ಮಾಡಿದಳು.

"ಇನ್ನೊಂದ್ ಮುದ್ದೆ ಇಕ್ಕವ್ವ ಆ ಮಗೀಗೆ, ಬಿಸೀದು" ಎಂದರು ದೇವೀರಮ್ಮ.

ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಲೇ ಇತ್ತು; ಅವ್ವ ಅಳುತ್ತ ರಾಗಿಹಿಟ್ಟು ತೊಳಸಿ, ಮುದ್ದೆ ಕಟ್ಟಿ ತಂದು, ಮೇಲೆ ಸೊಪ್ಪು ಬೇಯಿಸಿದ ನೀರಿನ ಉಪ್ಪೆಸರು ಬಿಟ್ಟಳು. ತಂಗಿ ಅದನ್ನೂ ಉಂಡಳು. ಈ ಸಲ ನಿಧಾನವಾಗಿ, ಕಣ್ಣು ಅರೆಮುಚ್ಚಿ, ನಾವು ಯಾರೂ ಅಲ್ಲಿ ಇಲ್ಲವೇನೋ ಎಂಬಂತೆ ಉಂಡಳು. ದೇವೀರಮ್ಮ ಬಹಳ ಹೊತ್ತು ನೋಡಿ, ಬ್ರೆಡ್ಡಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಕುರ್ಚಿಯಿಂದ ಕೆಳಗಿಳಿದು ಅವಳ ಪಕ್ಕದಲ್ಲೇ ಕೂತರು. "ನನ್ಗೂ ಒಂದ್ ಮುದ್ದೆ ಇಕ್ಕು ಬೀಗ್ತಿ, ಈ ನನ್ ಮಗಂಗೂ ಇಕ್ಕು. ಹತ್ತಿ ತಿಂದಂಗೆ ತಿಂದವ್ನೆ ಇಷ್ಟೊತ್ತೂ" ಎಂದರು. ಬೀಗಿತ್ತಿಯೆಂಬ ಮಾತು ಕೇಳಿ ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ, ನಡುಮನೆ ಒರೆಸುತ್ತಿದ್ದ ತಂಗಿಯನ್ನು ನೋಡುತ್ತ ನಿಂತವನಿಗೆ ಒಂದು ಸಂಗತಿ ಹೊಳೆಯಿತು. ಮೂರು ವರ್ಷದಿಂದ ಈ ಒಂದೇ ಸೂರಿನಡಿ ಇದ್ದರೂ ಇವಳು ಉಣ್ಣುವುದನ್ನು ನಾನು ಕಂಡದ್ದು ಅಂದೇ ಮೊದಲು. ನನಗೆ ಬಡಿಸಿ, ನಾನು ಶಾಲೆಗೆ ಹೊರಟ ಮೇಲೆ ಅವ್ವನೂ ಇವಳೂ ಒಳಗೆ ಏನೋ ಉಣ್ಣುತ್ತಿದ್ದರು. ನಾರ್ವೆಯವರ ತಿಂಡಿ ಬಲ್ಲ ಮೇಷ್ಟ್ರಿಗೆ ಅದೇನೆಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಬೆಳಿಗ್ಗೆ ನಿನಗೆ ಏನು ತಿಂದರೆ ಇಷ್ಟವೆಂದು ಕೇಳಿದೆ.

ಅವಳು ಒರೆಸುವುದನ್ನು ನಿಲ್ಲಿಸಿ, ಗೊತ್ತಿಲ್ಲದ ಲೆಕ್ಕ ಕೇಳಿದ ಮೇಷ್ಟ್ರನ್ನು ನೋಡುವಂತೆ ನನ್ನನ್ನು ನೋಡಿದಳು.

"ಬಿಸೀದಾಗಿದ್ರೆ ಯಾವ್ದಾದ್ರೂ ಸರಿ ಕಣಣ್ಣ" ಎಂದಳು.